ಕೊನೆಯ ಆವೃತ್ತಿಯ ನಂತರ

"ಗುರುಗಳೇ, ಕೈಯಾರೆ ಕೊಟ್ಟುಬಿಟ್ಟದ್ದರ ಹೊಣೆ ಎಲ್ಲಿಯವರೆಗೆ ನಮ್ಮದು?" ಎಂದು ಶಿಷ್ಯ ನಿರ್ವಾಣಪ್ಪ ಕೇಳಿದ. ಮಠದ ಶಾಲೆಯಲ್ಲಿ ಪಾಠ ಹೇಳಿ ಹೇಳಿ ಅವನು ಸೋತಿದ್ದ. ಕಲಿತು ಹೋದವರೂ ಸಂದೇಹ ಹೊತ್ತು ಮತ್ತೆ ಬಂದು ಕೂರುತ್ತಿದ್ದರು.

ಗುರು ಒಂದು ಕತೆ ಹೇಳತೊಡಗಿದರು.

ಒಬ್ಬ ಗಣಿತದ ಅಧ್ಯಾಪಕಿ ಇದ್ದಳು. ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ತಂತ್ರಾಂಶವೊಂದನ್ನು ಬರೆದಳು. ಕಬ್ಬಿಣದಲ್ಲಿ ಶಾಖ ಹೇಗೆ ಹರಿಯುತ್ತದೆ, ಗೋಡೆಯನ್ನು ನೀರು ಎಷ್ಟು ಒತ್ತುತ್ತದೆ ಎಂದು ಲೆಕ್ಕ ಹಾಕುವವರಿಗೆ ಅದು ಬೇಕಾಗಿತ್ತು. ಅವಳು ಅದನ್ನು ಮಾರಲಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಲಿ, ಒಳಗಿನ ಬರಹವನ್ನು ಓದಲಿ, ತಿದ್ದಲಿ ಎಂದು ಅಂತರ್ಜಾಲದಲ್ಲಿ ಇಟ್ಟಳು. ಇಂಥದ್ದನ್ನು ಕೊಡುವವರ ವಾಡಿಕೆಯಂತೆ, ಇದರಿಂದಾಗುವ ನಷ್ಟಕ್ಕೆ ಬರೆದವರು ಹೊಣೆಯಲ್ಲ ಎಂದೂ ಜೊತೆಗೆ ಬರೆದಳು.

ಬಳಸಿದವರು ಬಹಳ ಮಂದಿ. ಹೊಗಳಿದವರು ಕಡಿಮೆ. ನನ್ನ ಕಂಪ್ಯೂಟರಿನಲ್ಲಿ ಕೂರುತ್ತಿಲ್ಲ, ನಡೆಯುತ್ತಿಲ್ಲ ಎಂದು ಬೈದವರೇ ಹೆಚ್ಚು. ಅವಳ ತಂತ್ರಾಂಶ ಬೇರೆಯವರ ತಂತ್ರಾಂಶಗಳನ್ನು ನೆಚ್ಚಿಕೊಂಡಿತ್ತು. ಅವುಗಳಲ್ಲಿ ಒಂದು ಬದಲಾದರೂ ಇದು ಕೆಡುತ್ತಿತ್ತು. ಅವಳು ಸರಿಮಾಡಿ ಮತ್ತೆ ಬಿಡುಗಡೆ ಮಾಡುತ್ತಿದ್ದಳು. ಅದು ಇನ್ನೊಬ್ಬರ ಯಂತ್ರದಲ್ಲಿ ಕೆಡುತ್ತಿತ್ತು. ಹೀಗೆ ವರ್ಷಗಳು ಸಂದವು. ಕೊನೆಗೆ ಅವಳಿಗೆ ಸಾಕೆನಿಸಿತು. ಇದೇ ಕೊನೆಯ ಆವೃತ್ತಿ, ಇನ್ನು ನನ್ನಿಂದಾಗದು ಎಂದು ಎಲ್ಲರಿಗೂ ತಿಳಿಸಿ ಕೈತೊಳೆದುಕೊಂಡಳು.

ಕೆಲವು ತಿಂಗಳ ಬಳಿಕ ತರಗತಿಯಲ್ಲಿ ಒಂದು ಲೆಕ್ಕ ಮಾಡಿಸುವಾಗ ತಪ್ಪೊಂದು ಅವಳ ಕಣ್ಣಿಗೆ ಬಿತ್ತು. ಒಂದು ಬಗೆಯ ಸಮೀಕರಣಗಳಿಗೆ ಅವಳ ತಂತ್ರಾಂಶ ತಪ್ಪು ಉತ್ತರ ಕೊಡುತ್ತಿತ್ತು. ತಪ್ಪಿದೆ ಎಂಬ ಸೂಚನೆಯನ್ನೂ ಕೊಡುತ್ತಿರಲಿಲ್ಲ. ಅವಳು ಅದನ್ನು ತಿದ್ದಿ, ಬೇಸರದಿಂದಲೇ ಮತ್ತೊಂದು ಆವೃತ್ತಿ ಬಿಡುಗಡೆ ಮಾಡಿದಳು. ಹಳೆಯದನ್ನು ಬಳಸಬೇಡಿ ಎಂದು ತನಗೆ ಗೊತ್ತಿದ್ದವರಿಗೆಲ್ಲ ಹೇಳಿದಳು.

ಒಬ್ಬ ಎಂಜಿನಿಯರ್ ಫೋನ್ ಮಾಡಿದ. ಮಕ್ಕಳು ಹಳ್ಳ ದಾಟಿ ಶಾಲೆಗೆ ಹೋಗಲು ಅವನೊಂದು ಕಾಲುಸೇತುವೆ ಕಟ್ಟಿಸುವವನಿದ್ದ.

"ನಿಮ್ಮ ಹೊಸದು ನಮ್ಮಲ್ಲಿ ಕೂರುತ್ತಲೇ ಇಲ್ಲ ಮೇಡಂ. ಸೇತುವೆಯ ಲೆಕ್ಕವನ್ನು ಹಳೆಯದರಲ್ಲೇ ಮುಗಿಸುತ್ತೇವೆ. ಉತ್ತರ ಬರುತ್ತಿದೆಯಲ್ಲ!"

"ಬರುತ್ತದೆ. ಅದೇ ತೊಂದರೆ" ಎಂದಳು ಅಧ್ಯಾಪಕಿ.

ಹೇಳುವುದನ್ನು ಹೇಳಿಯಾಗಿತ್ತು. ಬರೆದವರು ಹೊಣೆಯಲ್ಲ ಎಂಬ ಸಾಲೂ ಇತ್ತು. ಆದರೂ ಮರುದಿನ ಅವಳು ರಜೆ ಹಾಕಿ, ಬಸ್ಸು ಹಿಡಿದು ಅವನ ಕಚೇರಿಗೆ ಹೋದಳು. ಅವನ ಯಂತ್ರ ತೀರ ಹಳೆಯದು. ಒಂದು ತಂತ್ರಾಂಶವನ್ನು ತೆಗೆದು ಇನ್ನೊಂದನ್ನು ಹಾಕಿದರೆ ಮೂರನೆಯದು ಮುನಿಸಿಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಹೊಸ ಆವೃತ್ತಿ ಕೂತಿತು. ಸೇತುವೆಯ ಲೆಕ್ಕವನ್ನು ಮತ್ತೆ ಓಡಿಸಿದರು.

ಕಂಬದ ದಪ್ಪ ಮೊದಲು ಎಷ್ಟು ಬಂದಿತ್ತೋ ಅಷ್ಟೇ ಬಂತು.

ಎಂಜಿನಿಯರ್ ನಕ್ಕ. "ನೋಡಿದಿರಾ? ಸುಮ್ಮನೆ ಇಷ್ಟು ದೂರ ಬಂದಿರಿ."

ಅವಳು ಚೀಲ ಎತ್ತಿಕೊಂಡು ಹೊರಟಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಊರು ಬರುವವರೆಗೂ ನಿದ್ದೆ ಹೋದಳು. ಮನೆಗೆ ಬಂದಾಗ ಬೇರೆ ಯಾರದೋ ದೂರು ಕಾಯುತ್ತಿತ್ತು.

ಗುರು ಕತೆ ನಿಲ್ಲಿಸಿದರು. ನಿರ್ವಾಣಪ್ಪನಿಗೆ ಅಸಮಾಧಾನವಾಯಿತು. "ಉತ್ತರ ಅದೇ ಬಂದ ಮೇಲೆ ಅವಳು ಪಟ್ಟ ಶ್ರಮದಿಂದ ಏನು ಬದಲಾಯಿತು?" ಎಂದ.

"ಆ ಸಂಜೆಯವರೆಗೆ ಆ ಸೇತುವೆ ಅದೃಷ್ಟದ ಮೇಲೆ ನಿಲ್ಲಲಿತ್ತು, ಮಗು."