ಸೂಲಗಿತ್ತಿಗೆ ಒಂದೇ ದಿನದ ಕೆಲಸ

ಜೂನ್ ಒಂದು. ಮೋಡವಿತ್ತು, ಮಳೆ ಇರಲಿಲ್ಲ.

ಕೋಡ್ ಬರೆಯಲು ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ನನ್ನ ವೆಬ್‌ಸೈಟಿನಲ್ಲಿ ಜನ ತಮ್ಮ ಜನ್ಮದಿನಾಂಕ ತುಂಬಬೇಕು. ಕೆಲವರು ಆ ಜಾಗವನ್ನು ಖಾಲಿ ಬಿಡುತ್ತಾರೆ. ಕೆಲವರು ಫೆಬ್ರವರಿ ಮೂವತ್ತು ಎಂದು ಬರೆಯುತ್ತಾರೆ. ಎರಡಕ್ಕೂ ಕೋಡ್ ತಪ್ಪು ತೋರಿಸಿ ನಿಂತುಬಿಡುತ್ತಿತ್ತು. ಅಂಥ ಕಡೆಯಲ್ಲೆಲ್ಲ 1970ರ ಜನವರಿ ಒಂದು ಎಂದು ಕೋಡೇ ತುಂಬಿಕೊಳ್ಳುವಂತೆ ಮಾಡಿದೆ. ಈಗ ಸುಸೂತ್ರವಾಗಿ ನಡೆಯುತ್ತಿದೆ. ಸರಿಯಲ್ಲವೇ?”

“ಒಂದೂ ತಪ್ಪು ತೋರಿಸುತ್ತಿಲ್ಲವೇ?”

“ಒಂದೂ ಇಲ್ಲ.”

“ಹಾಗಿದ್ದರೆ ನನಗೆ ಅನುಮಾನ,” ಎಂದು ಗುರು ಈ ಕತೆ ಹೇಳಿದರು.

ಹಿಂದೆ ಇಂಥದೇ ಒಂದು ಜೂನ್ ಒಂದರಂದು ಒಬ್ಬ ತಾಯಿ ಮಗಳನ್ನು ಶಾಲೆಗೆ ಸೇರಿಸಲು ಬಂದಳು. ಹುಟ್ಟಿದ್ದು ಯಾವಾಗ ಎಂದು ಮೇಷ್ಟ್ರು ಕೇಳಿದರು.

“ನಮ್ಮೂರ ಕೆರೆ ಕೋಡಿ ಬಿದ್ದ ವರ್ಷ, ಸ್ವಾಮಿ.”

“ಕೆರೆಯ ಜಾತಕ ಯಾರಿಗೆ ಬೇಕಮ್ಮ? ಮಗಳ ತಾರೀಕು ಹೇಳು.”

ಕೆರೆ ಕೋಡಿ ಬಿದ್ದು ನಾಲ್ಕು ವರ್ಷವಾಗಿತ್ತು. ಹೊರಗೆ ಹೋಗಿ ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಮೇಷ್ಟ್ರು ಕೇಳಲಿಲ್ಲ. ಹುಡುಗಿಯ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡಿದರು. ಅವಳದು ಉದ್ದನೆಯ ಕೈ, ಮುಟ್ಟಿತು. ಕಿವಿ ಮುಟ್ಟಿದರೆ ಆರು ವರ್ಷವೆಂದು ಅವರ ಲೆಕ್ಕ. ಆರು ವರ್ಷ ಹಿಂದಿನ ಜೂನ್ ಒಂದು ಎಂದು ಬರೆದುಕೊಂಡರು. ತಾರೀಕು ಗೊತ್ತಿಲ್ಲದ ಮಕ್ಕಳಿಗೆಲ್ಲ ಅವರು ಅದನ್ನೇ ಬರೆಯುತ್ತಿದ್ದರು.

ಕೆಲವು ತಿಂಗಳ ಮೇಲೆ ಒಬ್ಬ ತನಿಖಾಧಿಕಾರಿ ಬಂದ. ತನ್ನ ಸಹಿಯನ್ನೇ ಎರಡು ಸಲ ನೋಡುವಷ್ಟು ಅನುಮಾನದವನು. ದಾಖಲಾತಿ ಪುಸ್ತಕದ ಮೇಲೆ ಬೆರಳಾಡಿಸುತ್ತ ಹೋದ. ಬೆರಳು ನಿಂತಿತು.

“ಏನ್ರೀ ಮೇಷ್ಟ್ರೇ, ನಿಮ್ಮೂರ ಸೂಲಗಿತ್ತಿಗೆ ವರ್ಷಕ್ಕೆ ಒಂದೇ ದಿನ ಕೆಲಸವೇ?”

“ಖಾಲಿ ಬಿಟ್ಟರೆ ನಿಮ್ಮ ಆಫೀಸಿನವರೇ ವಾಪಸು ಕಳಿಸುತ್ತಾರಲ್ಲ, ಸ್ವಾಮಿ.”

“ಖಾಲಿ ಇದ್ದರೆ ಇವತ್ತಲ್ಲ ನಾಳೆ ಯಾರಾದರೂ ಕೇಳುತ್ತಾರೆ. ಇದನ್ನು ಇನ್ನು ಯಾರು ಕೇಳುತ್ತಾರೆ?”

ಆದರೆ ಅವನೂ ಮುಂದೆ ಕೇಳಲಿಲ್ಲ. ಜೂನ್ ಒಂದು ಎಂಬುದು ಕ್ಯಾಲೆಂಡರಿನಲ್ಲಿ ಇರುವ ದಿನವೇ. ಯಾವ ಮಗುವಿನದು ಸುಳ್ಳು, ಯಾವುದರದು ನಿಜ ಎಂದು ಆ ಪುಟ ನೋಡಿ ಹೇಳುವಂತಿರಲಿಲ್ಲ. ಸಹಿ ಹಾಕಿ ಹೋದ.

ಹುಡುಗಿ ಬೆಳೆದಳು. ಒಳ್ಳೆಯ ಕಡೆಯಿಂದ ಸಂಬಂಧ ಬಂತು. ತಾಯಿ, “ಇನ್ನೂ ಎಳೆಯದು, ಎರಡು ವರ್ಷ ಹೋಗಲಿ,” ಎಂದಳು. ತಂದೆ ಶಾಲೆಯ ಕಾಗದ ತಂದು ಮುಂದೆ ಹಿಡಿದ.

“ಹದಿನೆಂಟು ತುಂಬೈತೆ ಕಣೇ. ಮೇಷ್ಟ್ರೇ ಬರೆದವ್ರೆ. ನಿಂಗೇನು ಗೊತ್ತು?”

ಹೆತ್ತವಳಿಗೆ ಗೊತ್ತಿತ್ತು, ಹದಿನಾರು. ಅದು ಯಾವ ಕಾಗದದಲ್ಲೂ ಇರಲಿಲ್ಲ. ಮದುವೆಯಾಯಿತು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದು ನೋಡಿ, “ಆಮೇಲಾದರೂ ಯಾರೂ ಆ ತಾರೀಕನ್ನು ತಿದ್ದಲಿಲ್ಲವೇ?” ಎಂದು ಕೇಳಿದ.

“ಇಲ್ಲ, ಅವಳ ಕಾಗದಗಳಲ್ಲಿ ನಿಜವಾದ ತಾರೀಕು ಒಂದೇ, ಮರುವರ್ಷ ಮೊದಲ ಹೆರಿಗೆಯಲ್ಲಿ ಅವಳು ತೀರಿಕೊಂಡ ದಿನದ್ದು.”