ಸೋದರಮಾವ ಮುದ್ದೀರನ ಉಪಚಾರ

ಕೇಳಿ, ನಗು ಬಂದರೆ ನಕ್ಕುಬಿಡಿ, ತಡೆದುಕೊಳ್ಳಬೇಡಿ. ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮುದ್ದೀರ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ.

ಮಗಳು ಸುಕನ್ಯ ಪುಣೆಯಲ್ಲಿ, ಬಸ್ಸು ಓಡಿಸುವ ಗಂಡನ ಜೊತೆ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿತ್ತು. ಅಷ್ಟರಲ್ಲಿ ಚಿಕ್ಕತಾಯಮ್ಮ ಹಿತ್ತಲಲ್ಲಿ ಜಾರಿ ಬಿದ್ದು, ಕಾಲು ಮುರಿದುಕೊಂಡು ಮೂಲೆ ಹಿಡಿದಳು. ಬಾಣಂತನ ಪುಣೆಯಲ್ಲೇ ಆಯಿತು. ಕೂಸಿಗೆ ಮೂರು ತಿಂಗಳು ತುಂಬಿದರೂ ಅಜ್ಜಿ ಇನ್ನೂ ಮುಖ ನೋಡಿಲ್ಲ!

"ನಾನು ಹೆತ್ತಾಗ ನಮ್ಮವ್ವ ಗಾಡಿ ಕಟ್ಟಿಸ್ಕೊಂಡು ಎರಡು ದಿನ ದಾರಿ ಸವೆಸಿ ಬಂದಿದ್ಲು. ನಾನೆಂಥ ಅಜ್ಜಿ!" ಅಂತ ಅಳುತ್ತಿದ್ದಳು. ಸುದ್ದಿ ತಿಳಿದ ಸುಕನ್ಯ ಮುಖ ಕಾಣುವ ಫೋನು ಕಳಿಸಿದಳು.

"ಲೋ ಮುದ್ದೀರ, ನೀರು ಗಾಳಿ ಸೋಕದಂಗೆ ಜೋಪಾನವಾಗಿ ಮಡಗ್ಲಾ" ಅಂದಳು ಅವ್ವ.

ಮಡಗಿದ, ರಾಗಿ ತುಂಬಿಡುವ ಮಣ್ಣಿನ ವಾಡೆಯ ತಳದಲ್ಲಿ! ಸುಕನ್ಯ ಫೋನು ಮಾಡಿದಾಗ ರಾಗಿಯೊಳಗಿಂದ ಗುಂಯ್ ಗುಂಯ್ ಅಂತು. ರಾಗಿ ಮೊಗೆದು ಮೊಗೆದು ಹೊರಗೆ ಹಾಕುವಷ್ಟರಲ್ಲಿ ಸುಮ್ಮನಾಯಿತು.

"ಅಯ್ಯೋ ಪೆದ್ದುಮುಂಡೇದೆ! ಕೂಗಿದ ತಕ್ಷಣ ತಂದು ನನ್ ಮಡಿಲಿಗೆ ಹಾಕ್ಬೇಕು ಕಣ್ಲಾ!"

"ಆಗ್ಲಿ ಕಣವ್ವ!"

ಮಾರನೇ ದಿನ ಮೊಟ್ಟೆಯಿಟ್ಟ ಕೋಳಿ ಕೂಗಿತು. ತಂದು ಮಡಿಲಿಗೆ ಹಾಕಿದ. ಪಕ್ಕದ ಮನೆ ಹೊಂಬಮ್ಮನ ಕೂಸು ಕೂಗಿತು. ಅದನ್ನೂ ತಂದು ಮಡಿಲಿಗೆ ಹಾಕಿದ. ಕೋಳಿ ಕಂಡು ಕೂಸು ಕಿರುಚಿತು, ಕೂಸು ಕಂಡು ಕೋಳಿ ಕಿರುಚಿತು, ಹೊಂಬಮ್ಮ ಪೊರಕೆ ಹಿಡಿದು ಓಡಿ ಬಂದಳು.

"ನಿನ್ ತಲೆಗಿಷ್ಟು! ಮುಖ ನೋಡಿ ತರ್ಬೇಕು ಕಣ್ಲಾ! ನಿನ್ ತಂಗಿ ಮುಖ ಕಂಡ್ರೆ ತಾ, ಇಲ್ದಿದ್ರೆ ಬಿಡು!"

"ಆಗ್ಲಿ ಕಣವ್ವ!"

ಸುಕನ್ಯ ಮತ್ತೆ ಫೋನು ಮಾಡಿದಳು. ಮುದ್ದೀರ ನೋಡಿದ. ಬರೀ ಅಂಕಿ, ಮುಖ ಇಲ್ಲ. ಬಿಟ್ಟ. ಏಳು ಸಲ ಮಾಡಿದಳು, ಏಳು ಸಲವೂ ಬಿಟ್ಟ. ಎಂಟನೇ ಸಲ ಅವ್ವನೇ ತೆವಳಿಕೊಂಡು ಬಂದು ಕಿತ್ತುಕೊಂಡಳು. ನೋಡಿದರೆ, ಶುಕ್ರವಾರ ಕೂಸಿಗೆ ಹೆಸರಿಡುತ್ತಾರಂತೆ, ಫೋನಿನಲ್ಲೇ ತೋರಿಸುತ್ತಾರಂತೆ!

"ತಪ್ಪೇ ಹೋಗ್ತಿತ್ತಲ್ಲೋ! ಫೋನಿಗೆ ಬಂದೋರ್ನ ಮನೆಗೆ ಬಂದೋರಂಗೇ ನೋಡ್ಕೋಬೇಕು ಕಣ್ಲಾ!"

"ಆಗ್ಲಿ ಕಣವ್ವ!"

ಶುಕ್ರವಾರ ಬಂತು. ಫೋನಿನಲ್ಲಿ ಮೊಮ್ಮಗಳು! ಬೊಚ್ಚು ಬಾಯಿ, ಅಜ್ಜಿಯದೇ ಮೂಗು. "ಅವ್ವಾ, ನಿನ್ ಹೆಸ್ರೇ ಇಟ್ಟಿದೀವಿ, ತಾಯಮ್ಮ ಅಂತ" ಅಂದಳು ಸುಕನ್ಯ. ಚಿಕ್ಕತಾಯಮ್ಮ ಫೋನಿಗೇ ಲಟಿಕೆ ಮುರಿದು ದೃಷ್ಟಿ ತೆಗೆದಳು.

ಅವರು ಅತ್ತು ನಕ್ಕು ಮಾಡುವಷ್ಟರಲ್ಲಿ ಮುದ್ದೀರ ಅಟ್ಟದಿಂದ ತೊಟ್ಟಿಲು ಇಳಿಸಿ ತೊಲೆಗೆ ಕಟ್ಟಿದ. ಫೋನು ಇಸಿದುಕೊಂಡು ಮಲಗಿಸಿ, ಬಟ್ಟೆ ಹೊದಿಸಿ, ಮುಖವೊಂದು ಬಿಟ್ಟು ತೂಗಿದ. ಚಿಕ್ಕತಾಯಮ್ಮ ನಕ್ಕಳು. ನಗುತ್ತಲೇ ಜೋಗುಳ ಹಾಡಿದಳು. ಪುಣೆಯ ಕೂಸು ತೂಗಾಡುವ ತೊಲೆ ನೋಡುತ್ತಾ ನೋಡುತ್ತಾ ನಿದ್ದೆ ಹೋಯಿತು!

ಸ್ವಲ್ಪ ಹೊತ್ತಿಗೆ ಎದ್ದು ಅತ್ತಿತು.

"ಮನೆಗೆ ಬಂದ ಕೂಸು ಹಸಿದೈತೆ!" ಅಂದವನೇ ಮುದ್ದೀರ ಕೂಸಿಗೆ ಹಾಲು ಕುಡಿಸುವ ಒಳಲೆ ತುಂಬ ಹಾಲು ತಂದು ಸರಿಯಾಗಿ ಬಾಯಿಗೇ ಹುಯ್ದ. ಸಾಲದು ಅಂತ ಇನ್ನೊಂದು ಒಳಲೆ ಹುಯ್ದ. ಫೋನು ಒಂದು ಸಲ ಮಿಂಚಿ ಕಣ್ಣು ಮುಚ್ಚಿತು.

"ಹಾಳಾಗೋದ್ನಲ್ಲಪ್ಪೋ! ಇನ್ನೆಲ್ಲಿ ಕಾಣಲಿ ನನ್ ಮೊಮ್ಮಗಳ್ನ!" ಚಿಕ್ಕತಾಯಮ್ಮ ಎದೆ ಎದೆ ಬಡಿದುಕೊಂಡಳು. ಅವತ್ತು ಮುದ್ದೀರನಿಗೆ ಊಟ ಹಾಕಲಿಲ್ಲ, ತಾನೂ ಉಣ್ಣಲಿಲ್ಲ.

ಅತ್ತ ಸುಕನ್ಯ ಹತ್ತು ಸಲ ಫೋನು ಮಾಡಿದಳು, ಹೋಗಲೇ ಇಲ್ಲ. ಅವ್ವನಿಗೆ ಏನಾಯಿತೋ ಅಂತ ಜೀವ ಹೊಡೆದುಕೊಂಡಿತು. ಗಂಡನಿಗೆ ರಜೆ ಹಾಕಿಸಿ, ಕೂಸನ್ನು ಎತ್ತಿಕೊಂಡು ಊರ ಬಸ್ಸು ಹತ್ತಿಯೇಬಿಟ್ಟಳು.

ಭಾನುವಾರ ಬೆಳಿಗ್ಗೆ ಬಾಗಿಲಿಗೆ ಆಟೋ ಬಂದು ನಿಂತಿತು. ಸುಕನ್ಯ ಇಳಿದವಳೇ ಕೂಸನ್ನು ಅವ್ವನ ಮಡಿಲಿಗೆ ಹಾಕಿದಳು. ಬಿಸಿಬಿಸಿ ಮೈ, ಹಾಲಿನ ವಾಸನೆ. ಅಜ್ಜಿ ಅಪ್ಪಿಕೊಂಡ ತಕ್ಷಣ ಸೀರೆಯನ್ನೂ ಒದ್ದೆ ಮಾಡಿತು. ಚಿಕ್ಕತಾಯಮ್ಮ ಆ ಸೀರೆ ಬದಲಾಯಿಸಲು ಒಪ್ಪಲೇ ಇಲ್ಲ.

ಮುದ್ದೀರ ಬಂದು ಕೂಸನ್ನು ನೋಡಿದ, ಫೋನನ್ನು ನೋಡಿದ, ತೊಡೆ ತಟ್ಟಿಕೊಂಡ.

"ಬೈದ್ಯಲ್ಲವ್ವಾ! ನೋಡು, ಎರಡೇ ಒಳಲೆ ಹಾಲಿಗೆ ಹೆಂಗೆ ಬೆಳ್ದವ್ಳೆ! ಫೋನಲ್ಲಿ ಹಿಡಿಸ್ದೆ ಆಚೆಗೇ ಬಂದ್ಬುಟ್ಲು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಅವನು ಒಳಗೆ ಹೋಗಿ ದೊಡ್ಡ ಚೊಂಬಿನ ತುಂಬ ಹಾಲು ತುಂಬಿಕೊಂಡು ಹೊರಟ.

"ಎಲ್ಲಿಗ್ಲಾ?"

"ಹೊಂಬಮ್ಮಕ್ಕನ ಫೋನಿಗೆ. ಅವ್ಳ ಗಂಡ ಮಸ್ಕತ್ತಲ್ಲವ್ನೆ ಪಾಪ, ದೊಡ್ಡಾಳು, ಒಳಲೆ ಸಾಲಕ್ಕಿಲ್ಲ!"