ಏಣಿನ ಮೇಲೆ ಮೂವರು

"ಗುರುಗಳೇ, ಗಟ್ಟಿ ಮನಸ್ಸಿನವರ ಜೊತೆ ಹೊರಟರೆ ಅಳ್ಳೆದೆಯವನೂ ಗುರಿ ಮುಟ್ಟುತ್ತಾನಲ್ಲವೇ?"

ಕೇಳಿದವನು ಶಿಷ್ಯ ಬಸವಂತ. ಮರುದಿನ ಅವನೂ ಅವನ ಗೆಳೆಯರಿಬ್ಬರೂ ಒಟ್ಟಿಗೆ ಸನ್ಯಾಸ ದೀಕ್ಷೆ ಪಡೆಯುವವರಿದ್ದರು. ಒಮ್ಮೆ ಕಾವಿ ಉಟ್ಟರೆ ಮತ್ತೆ ಮನೆಯಿಲ್ಲ. ಗೆಳೆಯರು ಬಂಡೆಯಂತೆ ನಿಂತಿದ್ದಾರೆ, ತನಗೊಬ್ಬನಿಗೇ ಸೋದರಮಾವನ ಮಗಳ ಮುಖ ಕಣ್ಣಿಂದ ಮರೆಯಾಗುತ್ತಿಲ್ಲ ಎಂದು ನಾಚುತ್ತಲೇ ಹೇಳಿಕೊಂಡ. ಗುರುಗಳು ನಕ್ಕು, ಕೂತುಕೋ ಎಂದರು. ಕತೆ ಶುರುವಾಯಿತು.

ಒಬ್ಬ ಗಾಣಿಗ, ಒಬ್ಬ ನೇಕಾರ, ಒಬ್ಬ ಬಳೆಗಾರ. ಮೂವರೂ ಗೆಳೆಯರು. ಆಶ್ವಯುಜ ಮಾಸ, ಮಳೆ ಹಿಂದೆಗೆದು ಬೆಟ್ಟವೆಲ್ಲ ಹಸಿರಾಗಿತ್ತು. ಒಂದು ದಿನ ಕೆಲಸಕ್ಕೆ ಬಿಡುವು ಕೊಟ್ಟು, ಬೆಟ್ಟದ ನೆತ್ತಿಯಲ್ಲಿ ಬೆನ್ನೆಲುಬಿನಂತೆ ಚಾಚಿದ ಏಣಿನ ಮೇಲೆ ನಡೆದು, ತುದಿಯ ಬಂಡೆ ಮುಟ್ಟಿ, ಸಂಜೆಯೊಳಗೆ ಮರಳೋಣ ಎಂದು ಹೊರಟರು. ತುದಿ ಮುಟ್ಟುವ ತನಕ ಯಾರೂ ಬುತ್ತಿ ಬಿಚ್ಚಬಾರದು, ಮೊದಲು ಬಿಚ್ಚಿದವನೇ ಸೋತವನು ಎಂದು ಮಾತಾಯಿತು. ಗಂಡಸರ ಪಂತ, ಕೇಳಬೇಕೇ.

ನೇಕಾರ ಮುಂದೆ, ಗಾಣಿಗ ನಡುವೆ, ಬಳೆಗಾರ ಹಿಂದೆ. ಹೋಗುತ್ತ ಹೋಗುತ್ತ ಏಣು ಕಿರಿದಾಯಿತು. ಎರಡೂ ಕಡೆ ಇಳಿಜಾರು, ಹುಲ್ಲು ಇನ್ನೂ ಒದ್ದೆ. ಹೊತ್ತು ನೆತ್ತಿಗೇರುವಾಗ ಗಾಣಿಗನ ಹೊಟ್ಟೆ ತಾಳ ಹಾಕತೊಡಗಿತು. ಹಸಿವಿಗೆ ಮಾನವಿಲ್ಲ ಎನ್ನುತ್ತಾರೆ. ಇವನಿಗೆ ಹಸಿವಿಗಿಂತ ಮಾನವೇ ಹೆಚ್ಚಾಯಿತು. ಬುತ್ತಿಯ ಗಂಟನ್ನು ಮುಟ್ಟಿ ಮುಟ್ಟಿ ಕೈ ಹಿಂತೆಗೆದ. ಅಷ್ಟರಲ್ಲಿ ಪಡುವಣದಿಂದ ಮಂಜು ಏರಿ ಬರುವುದು ಕಂಡಿತು. ಈಗಲೇ ಮರಳಿದರೆ ಕ್ಷೇಮ ಎಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಆದರೆ ಮುಂದೆ ನೋಡಿದರೆ ನೇಕಾರ ದಾಪುಗಾಲು ಹಾಕುತ್ತಿದ್ದಾನೆ. ಹಿಂದೆ ಬಳೆಗಾರ ಹಾಡು ಹೇಳಿಕೊಂಡು ಬರುತ್ತಿದ್ದಾನೆ. ಇಂಥ ಧೀರರ ನಡುವೆ ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗಾಣಿಗ ಸುಮ್ಮನಾದ. ಅದು ಸಾಲದು ಎಂಬಂತೆ ಹೆಜ್ಜೆಯನ್ನೂ ಜೋರು ಮಾಡಿದ.

ಮಂಜು ಮುಸುಕಿತು. ನೇಕಾರನ ಕಾಲು ಹುಲ್ಲಿನ ಮೇಲೆ ಜಾರಿತು. ಇಳಿಜಾರಿನಲ್ಲಿ ಉರುಳಿದವನು ಒಂದು ಮರದ ಬುಡಕ್ಕೆ ತಡೆದು ನಿಂತ. ಜೀವ ಉಳಿಯಿತು, ಕಾಲು ಮುರಿಯಿತು. ಇಬ್ಬರೂ ತಡವರಿಸುತ್ತ ಇಳಿದು ಅವನನ್ನು ಎತ್ತಿದರು. ಗಾಣಿಗನಿಗೆ ಅಳು ತಡೆಯಲಾಗಲಿಲ್ಲ. ಅಷ್ಟು ಅವಸರ ಏನಿತ್ತು ಎಂದು ಅಳುತ್ತಲೇ ಬೈದ.

"ನನಗೆಲ್ಲಿಯ ಅವಸರವೋ ಮಾರಾಯ," ಎಂದ ನೇಕಾರ. "ಅರ್ಧ ದಾರಿಗೇ ಸಾಕಾಗಿತ್ತು. ನಿನ್ನ ಹೆಜ್ಜೆ ಬೆನ್ನಿಗೇ ಬರುತ್ತಿತ್ತು, ಹೇಗೆ ನಿಲ್ಲಲಿ?"

ಬಳೆಗಾರ ತಲೆ ತಗ್ಗಿಸಿದ. ತಾನು ಹಾಡಿದ್ದು ಹೆದರಿಕೆಗೆ ಎಂದು ಒಪ್ಪಿಕೊಂಡ. ಮೂವರಲ್ಲಿ ಒಬ್ಬನಿಗೂ ಆ ತುದಿ ಬೇಕಾಗಿರಲಿಲ್ಲ. ಬಟ್ಟೆ ನೇಯ್ದು ಮನೆ ನಡೆಸುತ್ತಿದ್ದ ನೇಕಾರ ಮತ್ತೆಂದೂ ಮಗ್ಗ ತುಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬಸವಂತನಿಗೆ ಸಮಾಧಾನವಾಗಲಿಲ್ಲ. ಆ ಮೂವರೂ ಪುಕ್ಕಲರು, ತನ್ನ ಗೆಳೆಯರು ಹಾಗಲ್ಲ, ಅವರ ಮನಸ್ಸನ್ನು ತಾನು ಚಿಕ್ಕಂದಿನಿಂದ ಬಲ್ಲೆ ಎಂದು ವಾದಿಸಿದ. ಗುರುಗಳು ಅವನ ಮಾತು ಮುಗಿಯುವ ತನಕ ಕೇಳಿಸಿಕೊಂಡರು.

"ನಿನ್ನೆ ಅವರಿಬ್ಬರೂ ಒಬ್ಬೊಬ್ಬರಾಗಿ ಬಂದು, ನಿನ್ನಂಥ ಗಟ್ಟಿ ಮನಸ್ಸು ತಮಗಿಲ್ಲವೆಂದು ಅತ್ತು ಹೋದರಪ್ಪ," ಎಂದರು.